ಕಾಡು ಕಡಿದದ್ದು ಆಕಾಶದಿಂದ ಕಾಣುತ್ತದೆ, ಆಮೇಲೆ?

ಬ್ರೆಜಿಲ್‌ನ ಎರಡು ಅಂಕಿಗಳಿಂದ ಶುರು ಮಾಡುತ್ತೇನೆ. 2004ರಲ್ಲಿ ಅಲ್ಲಿನ ಅಮೆಜಾನ್‌ನಲ್ಲಿ ಒಂದೇ ವರ್ಷಕ್ಕೆ 27,772 ಚದರ ಕಿಲೋಮೀಟರ್ ಕಾಡು ನೆಲಸಮವಾಯಿತು. 2012ಕ್ಕೆ ಬರುವಷ್ಟರಲ್ಲಿ ಅದು 4,571ಕ್ಕೆ ಇಳಿದಿತ್ತು. ಎಂಟು ವರ್ಷದಲ್ಲಿ ಆರನೇ ಒಂದು ಭಾಗಕ್ಕೆ! ಕಡಿದು ಸುಟ್ಟ ಕಾಡೂ ಭೂಮಿಯನ್ನು ಬಿಸಿಮಾಡುವ ಇಂಗಾಲವನ್ನು ಗಾಳಿಗೆ ಸೇರಿಸುತ್ತದೆ. ಕಾರ್ಖಾನೆಯ ಹೊಗೆಯನ್ನೋ ವಾಹನಗಳ ಹೊಗೆಯನ್ನೋ ಇಷ್ಟು ಬೇಗ ಇಷ್ಟು ಇಳಿಸಿದ ಉದಾಹರಣೆ ಸಿಗುವುದು ಕಷ್ಟ.

ಈ ಕಥೆ ಹೇಳುವಾಗ ಸಾಮಾನ್ಯವಾಗಿ ಎಲ್ಲ ಹೆಗ್ಗಳಿಕೆಯೂ ಉಪಗ್ರಹಕ್ಕೆ ಹೋಗುತ್ತದೆ. ಆದರೆ ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇನ್ಪೆ, ಪ್ರೋಡೆಸ್ ಎಂಬ ವ್ಯವಸ್ಥೆ ಇಟ್ಟುಕೊಂಡು 1988ರಿಂದಲೇ ವರ್ಷಕ್ಕೊಮ್ಮೆ ಕಾಡು ಅಳೆಯುತ್ತಿತ್ತು. ಅಂದರೆ ಹದಿನಾರು ವರ್ಷ ಎಲ್ಲವೂ ಕಾಣುತ್ತಿತ್ತು, ಕಡಿಯುವುದು ಮಾತ್ರ ನಡೆದೇ ಇತ್ತು. ವರ್ಷದ ಕೊನೆಗೆ ಲೆಕ್ಕ ಬರುವಾಗ ಮರ ಸಾಗಿಹೋಗಿ, ಬುಡ ಸುಟ್ಟು, ಹುಲ್ಲು ಬಿತ್ತಿ, ದನ ಬಿಟ್ಟಾಗಿರುತ್ತಿತ್ತು. 2004ರಲ್ಲಿ ಬಂದ ಡೆಟೆರ್ ಎಂಬ ಇನ್ನೊಂದು ವ್ಯವಸ್ಥೆ ಬದಲಾಯಿಸಿದ್ದು ಇದನ್ನೇ. ಅದರ ಚಿತ್ರ ಮಸುಕು, ಅಳತೆ ಒರಟು. ಆದರೆ ಕಡಿತ ನಡೆಯುತ್ತಿರುವಾಗಲೇ ಎಲ್ಲಿ ಅಂತ ಹೇಳುತ್ತಿತ್ತು. ಪರಿಸರ ಇಲಾಖೆಯ ಅಧಿಕಾರಿಗಳು ಆ ಜಾಗಕ್ಕೆ ಹೋಗಿ ದಂಡ ಹಾಕಿದರು, ಯಂತ್ರ ಜಪ್ತಿ ಮಾಡಿದರು. 2006ರಲ್ಲಿ ದೊಡ್ಡ ಸೋಯಾ ವ್ಯಾಪಾರಿಗಳು ಹೊಸದಾಗಿ ಕಡಿದ ಜಮೀನಿನ ಬೆಳೆ ಕೊಳ್ಳುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡರು. 2008ರಲ್ಲಿ ಪರಿಸರ ನಿಯಮ ಪಾಲಿಸದವರಿಗೆ ಅಮೆಜಾನ್‌ನಲ್ಲಿ ಕೃಷಿ ಸಾಲ ಸಿಗುವುದು ಕಷ್ಟವಾಯಿತು. ಉಪಗ್ರಹ ಒಂದು ಸರಪಳಿಯ ಮೊದಲ ಕೊಂಡಿ ಅಷ್ಟೇ. ಆ ಸರಪಳಿಯ ಉಳಿದ ಕೊಂಡಿಗಳ ಬಗ್ಗೆಯೇ ನನಗೆ ಚಿಂತೆ, ಏಕೆಂದರೆ ಈಗ ಜಗತ್ತಿನ ತುಂಬ ಮೊದಲನೇ ಕೊಂಡಿ ದಿನದಿನಕ್ಕೆ ಗಟ್ಟಿಯಾಗುತ್ತಿದೆ, ಉಳಿದವು ಆಗುತ್ತಿಲ್ಲ.

ಮೊದಲು ಕಾಣುವುದರ ಬಗ್ಗೆ ನೋಡೋಣ. ಇಲ್ಲಿ ನಿಜಕ್ಕೂ ಖುಷಿಪಡುವಂಥ ಕೆಲಸ ಆಗಿದೆ.

ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಮೇಲೆ ಹೋದದ್ದು 1972ರಲ್ಲಿ. ಬಹಳ ವರ್ಷ ಅದರ ಒಂದೊಂದು ಚಿತ್ರಕ್ಕೆ ನೂರಾರು ಡಾಲರ್ ಕೊಡಬೇಕಿತ್ತು, ಹಾಗಾಗಿ ಒಂದು ದೇಶದ ಕಾಡನ್ನು ವರ್ಷವರ್ಷ ನೋಡುವುದು ಬಡ ದೇಶಗಳ ಕೈಗೆ ಎಟುಕುವ ಮಾತಾಗಿರಲಿಲ್ಲ. 2008ರಲ್ಲಿ ಅಮೆರಿಕ ಇಡೀ ಸಂಗ್ರಹವನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಕಾಡಿನ ಕಾವಲಿನ ಇತಿಹಾಸದಲ್ಲಿ ಯಾವ ಹೊಸ ಉಪಗ್ರಹಕ್ಕಿಂತಲೂ ದೊಡ್ಡ ತಿರುವು ಇದು ಅಂತ ನನ್ನ ಅಭಿಪ್ರಾಯ. ಐದೇ ವರ್ಷದಲ್ಲಿ, 2013ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ತಂಡ ಆರೂವರೆ ಲಕ್ಷಕ್ಕೂ ಜಾಸ್ತಿ ಚಿತ್ರಗಳನ್ನು ಒಟ್ಟಿಗೆ ಅರೆದು ಇಡೀ ಭೂಮಿಯ ಮರಗಳ ನಕ್ಷೆ ಮಾಡಿತು. 2000ದಿಂದ 2012ರವರೆಗೆ 23 ಲಕ್ಷ ಚದರ ಕಿಲೋಮೀಟರ್ ಮರಹೊದಿಕೆ ಹೋಗಿತ್ತು, 8 ಲಕ್ಷ ಹೊಸದಾಗಿ ಬಂದಿತ್ತು. ಆ ನಕ್ಷೆಯೇ ಮರುವರ್ಷ ಗ್ಲೋಬಲ್ ಫಾರೆಸ್ಟ್ ವಾಚ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಸಿಕ್ಕಿತು. ಇವತ್ತು ಯಾರು ಬೇಕಾದರೂ ತಮ್ಮ ಊರಿನ ಪಕ್ಕದ ಕಾಡಿನ ಇಪ್ಪತ್ತು ವರ್ಷದ ಚರಿತ್ರೆಯನ್ನು ಅಲ್ಲಿ ತೆರೆದು ನೋಡಬಹುದು.

ಉಪಗ್ರಹ ಮರವನ್ನು ಗುರುತಿಸುವುದು ಹೇಗೆ? ಹಸಿರೆಲೆ ಕೆಂಪು ಬೆಳಕನ್ನು ಹೀರುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಬರಿ ಮಣ್ಣು ಹಾಗೆ ಮಾಡುವುದಿಲ್ಲ. ಈ ಎರಡು ಬೆಳಕಿನ ಅಂತರ ನೋಡಿದರೆ ಎಲೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ 30 ಮೀಟರ್ ಚೌಕ, ಒಂದು ಹೆಕ್ಟೇರಿಗೆ ಸುಮಾರು ಹನ್ನೊಂದು ಪಿಕ್ಸೆಲ್. ಯುರೋಪಿನ ಸೆಂಟಿನೆಲ್-2 ಬಂದ ಮೇಲೆ ಅದು 10 ಮೀಟರಿಗೆ ಇಳಿಯಿತು, ಐದು ದಿನಕ್ಕೊಮ್ಮೆ ಅದೇ ಜಾಗ ಸಿಗುತ್ತದೆ.

ತೊಂದರೆ ಮೋಡದ್ದು. ಉಷ್ಣವಲಯದ ಕಾಡಿನ ಮೇಲೆ ತಿಂಗಳುಗಟ್ಟಲೆ ಮೋಡ ಕವಿದಿರುತ್ತದೆ, ಬೆಳಕು ನೋಡುವ ಕ್ಯಾಮೆರಾಗೆ ಬಿಳಿ ಹತ್ತಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಲ್ಲಿ ರೇಡಾರ್ ಬೇಕು. ರೇಡಾರ್ ತಾನೇ ಅಲೆ ಕಳಿಸಿ ಅದರ ಪ್ರತಿಧ್ವನಿ ಕೇಳುತ್ತದೆ, ಮೋಡವೂ ಕತ್ತಲೂ ಅದಕ್ಕೆ ಅಡ್ಡಿಯಲ್ಲ. ಸೆಂಟಿನೆಲ್-1ರ ರೇಡಾರ್ ಬಳಸಿ ನೆದರ್‌ಲ್ಯಾಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯ ಮಾಡಿದ ರ‍್ಯಾಡ್ ಅಲರ್ಟ್‌ಗಳು ಮಳೆಗಾಲದಲ್ಲೂ 10 ಮೀಟರ್ ಮಟ್ಟದಲ್ಲಿ ಹೊಸ ಕಡಿತ ತೋರಿಸುತ್ತವೆ. ಕಾಂಗೋ ಕೊಳ್ಳದಂಥ ಕಡೆ ಇದು ಎಷ್ಟು ದೊಡ್ಡ ವ್ಯತ್ಯಾಸ ಅಂದರೆ, ಮೊದಲು ಮೋಡ ಸರಿಯುವವರೆಗೆ ಕಾಯುತ್ತಿದ್ದ ಸುದ್ದಿ ಈಗ ದಿನಗಳ ಒಳಗೆ ಬರುತ್ತದೆ.

ಈಗ ಹವಾಮಾನದ ವಿಷಯಕ್ಕೆ ಬರೋಣ. ಇಲ್ಲಿ ಒಂದು ಗೊಂದಲ ಎಲ್ಲೆಲ್ಲೂ ಕಾಣುತ್ತದೆ. ಎಷ್ಟು ಕಾಡು ಹೋಯಿತು ಎಂಬುದು ಒಂದು ಪ್ರಶ್ನೆ, ಎಷ್ಟು ಇಂಗಾಲ ಗಾಳಿಗೆ ಸೇರಿತು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಚಿತ್ರ ಸಾಕು. ಎರಡನೆಯದಕ್ಕೆ ಮರದ ತೂಕ ಬೇಕು, ಮತ್ತು ಯಾವ ಉಪಗ್ರಹವೂ ಮರವನ್ನು ತಕ್ಕಡಿಗೆ ಹಾಕುವುದಿಲ್ಲ.

ಲೆಕ್ಕ ನಡೆಯುವುದು ಹೀಗೆ. ಕಾಡಿಗೆ ಹೋದವರು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಟೇಪು ಸುತ್ತಿ ದಪ್ಪ ಅಳೆಯುತ್ತಾರೆ. ಆ ದಪ್ಪ, ಎತ್ತರ, ಜಾತಿಯ ಕಟ್ಟಿಗೆಯ ಸಾಂದ್ರತೆ ಸೇರಿಸಿ ಸೂತ್ರದಲ್ಲಿ ಹಾಕಿದರೆ ಒಣ ತೂಕದ ಅಂದಾಜು ಬರುತ್ತದೆ. ಒಣ ತೂಕದಲ್ಲಿ ಸುಮಾರು 47% ಇಂಗಾಲ. ಅದನ್ನು 3.67ರಿಂದ ಗುಣಿಸಿದರೆ ಕಾರ್ಬನ್ ಡೈಆಕ್ಸೈಡ್. ಒಂದು ಹೆಕ್ಟೇರಿನಲ್ಲಿ 200 ಟನ್ ಒಣ ಮರ ಇದೆ ಅಂದುಕೊಳ್ಳಿ. ಅದರಲ್ಲಿ 94 ಟನ್ ಇಂಗಾಲ. ಪೂರ್ತಿ ಸುಟ್ಟರೆ ಹೆಚ್ಚುಕಮ್ಮಿ 345 ಟನ್ ಕಾರ್ಬನ್ ಡೈಆಕ್ಸೈಡ್. ಈ 200 ಎಂಬ ಅಂಕಿಯೇ 150 ಆಗಿದ್ದರೆ ಕೊನೆಯ ಉತ್ತರ ಕಾಲುಭಾಗ ಕಡಿಮೆಯಾಗುತ್ತದೆ. ಚಿತ್ರ ಎಷ್ಟೇ ಚೊಕ್ಕವಾಗಿದ್ದರೂ ತೂಕದ ಅಂದಾಜು ತಪ್ಪಿದರೆ ಲೆಕ್ಕವೇ ತಪ್ಪು. ಬಹಳ ದೇಶಗಳಲ್ಲಿ ಕಾಡಿಗೆ ಹೋಗಿ ಟೇಪು ಸುತ್ತುವ ಕೆಲಸ ಬಿಟ್ಟೂಬಿಟ್ಟು ನಡೆಯುತ್ತದೆ. ಇಡೀ ಕಟ್ಟಡದ ಪಾಯ ಅದೇ ಅಲ್ವಾ?

ಈ ಕಷ್ಟಕ್ಕೆ ಆಕಾಶದಿಂದಲೂ ನೆರವು ಬರುತ್ತಿದೆ. 2018ರ ಡಿಸೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಗೆಡಿ ಎಂಬ ಲೇಸರ್ ಉಪಕರಣ 25 ಮೀಟರ್ ಅಗಲದ ಚುಕ್ಕಿಗಳಲ್ಲಿ ಕಾಡಿನ ಎತ್ತರ ಅಳೆಯುತ್ತದೆ. ಮರದ ತುದಿಯಿಂದ ಬಂದ ಬೆಳಕು ಮೊದಲು, ನೆಲದಿಂದ ಬಂದದ್ದು ಆಮೇಲೆ. ಆ ಸಮಯದ ಅಂತರವೇ ಮರದ ಎತ್ತರ. 2025ರಲ್ಲಿ ಎರಡು ದೊಡ್ಡ ಉಪಗ್ರಹಗಳು ಹೋದವು. ಏಪ್ರಿಲ್‌ನಲ್ಲಿ ಯುರೋಪಿನ ಬಯೋಮಾಸ್, ಜುಲೈನಲ್ಲಿ ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನಿಸಾರ್. ಇವೆರಡರ ಗುಟ್ಟು ಅಲೆಯ ಉದ್ದದಲ್ಲಿದೆ. ಸೆಂಟಿನೆಲ್-1ರ ರೇಡಾರ್ ಅಲೆ ಐದೂವರೆ ಸೆಂಟಿಮೀಟರ್ ಆಸುಪಾಸು, ಎಲೆಗೂ ಸಣ್ಣ ಕೊಂಬೆಗೂ ತಾಗಿ ವಾಪಸಾಗುತ್ತದೆ. ನಿಸಾರ್‌ನ ಉದ್ದದ ಅಲೆ 24 ಸೆಂಟಿಮೀಟರ್, ಎಲೆ ದಾಟಿ ಒಳಗೆ ಹೋಗುತ್ತದೆ. ಬಯೋಮಾಸ್‌ನದು 70 ಸೆಂಟಿಮೀಟರ್. ಅದು ಎಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ದಪ್ಪ ಕಾಂಡ, ದೊಡ್ಡ ಕೊಂಬೆಗಳನ್ನು ಮುಟ್ಟಿ ಬರುತ್ತದೆ. ಇಂಗಾಲ ಜಾಸ್ತಿ ಕೂತಿರುವುದು ಅಲ್ಲೇ. ದಟ್ಟ ಕಾಡಿನಲ್ಲಿ ಒಂದು ಹಂತ ದಾಟಿದ ಮೇಲೆ ಸಣ್ಣ ಅಲೆಯ ರೇಡಾರ್‌ಗಳಿಗೆ ನೂರು ಟನ್ನೂ ಮುನ್ನೂರು ಟನ್ನೂ ಒಂದೇ ರೀತಿ ಕಾಣುತ್ತಿತ್ತು, ಈ ಕುರುಡು ಈಗ ಕಳೆಯಬೇಕು. ಅದಕ್ಕೂ ನೆಲದ ಮೇಲಿನ ಅಳತೆಯ ಜತೆ ಹೋಲಿಸಿ ಸರಿಮಾಡಬೇಕು, ಮತ್ತೆ ಟೇಪು ಹಿಡಿದವರ ಹತ್ತಿರವೇ ಬರಬೇಕು.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಕಾಡು ಅಂದರೆ ಏನು?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರ್ ಎತ್ತರದ ಮರ, 10% ನೆರಳು ಇದ್ದರೆ ಕಾಡು. ನೆಟ್ಟ ತೋಪೂ ಇದರಲ್ಲಿ ಸೇರುತ್ತದೆ. ಮರ ಕಡಿದರೂ ಆ ಜಾಗ ಮತ್ತೆ ಕಾಡಾಗುತ್ತದೆ ಎಂದಿದ್ದರೆ ಅದು ಕಾಡೇ. ಉಪಗ್ರಹದ ನಕ್ಷೆ ಮಾತ್ರ ಮರ ಇದೆಯೋ ಇಲ್ಲವೋ ಅನ್ನುವುದನ್ನಷ್ಟೇ ನೋಡುತ್ತದೆ. ಹಾಗಾಗಿ ನಕ್ಷೆಯಲ್ಲಿ ಕೆಂಪಾಗಿ ಕಾಣುವ ಚುಕ್ಕಿ ಶಾಶ್ವತವಾಗಿ ಹೋದ ಕಾಡಿರಬಹುದು, ಕಟಾವಾದ ರಬ್ಬರ್ ತೋಪಿರಬಹುದು, ಬಿರುಗಾಳಿಗೆ ಬಿದ್ದ ಮರವಿರಬಹುದು. ಒಂದು ದೇಶದ ಸರಕಾರ "ನಮ್ಮಲ್ಲಿ ಕಾಡು ಹೆಚ್ಚಿದೆ" ಅನ್ನುವುದೂ, ಅದೇ ದೇಶದ ಮೇಲೆ ಉಪಗ್ರಹ ತೋರಿಸುವ ಭಾರಿ ನಷ್ಟವೂ ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯ. ಇಂಗಾಲದ ಮಟ್ಟಿಗೆ ಇದು ಸುಮ್ನೆ ಮಾತಿನ ಜಗಳವಲ್ಲ. ನೂರಾರು ವರ್ಷದ ಕಾಡು ಹೋಗಿ ಅಷ್ಟೇ ಹೆಕ್ಟೇರ್ ಸಸಿ ಬಂದರೆ ಹೆಕ್ಟೇರಿನ ಲೆಕ್ಕ ಸರಿಹೋಗುತ್ತದೆ, ಇಂಗಾಲದ ಲೆಕ್ಕ ಸರಿಹೋಗಲು ದಶಕಗಳು ಬೇಕು. ಯಾವುದೇ ಅಂಕಿ ಕಂಡಾಗ ನೀವು ಮೊದಲು ಕೇಳಬೇಕಾದ್ದು "ಇವರು ಯಾವುದನ್ನು ಕಾಡು ಅಂದಿದ್ದಾರೆ" ಅಂತ.

ಅದರ ಜತೆಗೆ, ಬರೀ ಪಿಕ್ಸೆಲ್ ಎಣಿಸಿ ವಿಸ್ತೀರ್ಣ ಹೇಳುವುದು ತಪ್ಪು. ನಕ್ಷೆಯಲ್ಲಿ ತಪ್ಪು ಇದ್ದೇ ಇರುತ್ತದೆ. ಬಲ್ಲವರು ನಕ್ಷೆಯ ಮೇಲೆ ಅಲ್ಲಲ್ಲಿ ನೂರಾರು ಬಿಂದುಗಳನ್ನು ಆರಿಸಿ, ಒಂದೊಂದನ್ನೂ ಸ್ಪಷ್ಟ ಚಿತ್ರದಲ್ಲಿ ಕಣ್ಣಾರೆ ನೋಡಿ, ನಕ್ಷೆ ಎಷ್ಟು ಸಲ ಎಡವಿದೆ ಎಂದು ಲೆಕ್ಕ ಹಾಕಿ, ಆಮೇಲೆ "ಇಷ್ಟು ಹೆಕ್ಟೇರ್, ಇಷ್ಟು ಹೆಚ್ಚುಕಮ್ಮಿ" ಅನ್ನುತ್ತಾರೆ. ಬೇಸರದ ಕೆಲಸ, ಆದರೆ ಹಣ ಕೈಬದಲಾಗುವ ಕಡೆ ಇದಿಲ್ಲದೆ ನಡೆಯುವುದಿಲ್ಲ.

ಹಣ ಕೈಬದಲಾಗುತ್ತದೆ, ಹೌದು. ಕಾಡು ಉಳಿಸಿದ್ದಕ್ಕೆ ದೇಶಗಳಿಗೆ ಹಣ ಕೊಡುವ ರೆಡ್ ಪ್ಲಸ್ ವ್ಯವಸ್ಥೆಯ ನಿಯಮಗಳು 2013ರ ವಾರ್ಸಾ ಸಮ್ಮೇಳನದಲ್ಲಿ ಗಟ್ಟಿಯಾದವು, 2015ರ ಪ್ಯಾರಿಸ್ ಒಪ್ಪಂದದ 5ನೇ ವಿಧಿ ಅದಕ್ಕೆ ಜಾಗ ಕೊಟ್ಟಿತು. ಇದರಲ್ಲಿ ಒಂದು ದೇಶ ಮೊದಲು "ಏನೂ ಮಾಡದಿದ್ದರೆ ಇಷ್ಟು ಹೊಗೆ ಹೋಗುತ್ತಿತ್ತು" ಎಂಬ ಮಟ್ಟವನ್ನು ಹೇಳಬೇಕು, ಆಮೇಲೆ ಅದಕ್ಕಿಂತ ಎಷ್ಟು ಕಡಿಮೆಯಾಯಿತು ಎಂದು ತೋರಿಸಬೇಕು. ಬ್ರೆಜಿಲ್, ಗಯಾನಾ, ಗ್ಯಾಬೊನ್ ದೇಶಗಳಿಗೆ ನಾರ್ವೆಯ ಹಣ ಹೋದದ್ದು ಇಂಥ ಲೆಕ್ಕದ ಮೇಲೆಯೇ. ಉಪಗ್ರಹ ಇಲ್ಲದೆ ಈ ವ್ಯವಸ್ಥೆ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಆದರೆ ಆಗದೇ ಹೋದದ್ದನ್ನು ಯಾವ ಉಪಗ್ರಹವೂ ನೋಡಲಾರದು. "ನಾವು ಬರದಿದ್ದರೆ ಈ ಕಾಡು ಹೋಗುತ್ತಿತ್ತು" ಎಂಬುದು ಊಹೆ, ಆ ಊಹೆಯನ್ನು ಎಷ್ಟು ಉಬ್ಬಿಸಿದರೆ ಅಷ್ಟು ಕಾರ್ಬನ್ ಕ್ರೆಡಿಟ್ (ಇಷ್ಟು ಟನ್ ಹೊಗೆ ತಡೆದೆವು ಎಂದು ಮಾರುವ ಪತ್ರ) ಮಾರಬಹುದು. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಆರು ದೇಶಗಳ 26 ಖಾಸಗಿ ಯೋಜನೆಗಳನ್ನು ಹಿಡಿದು, ಹತ್ತಿರದ ಅಂಥದ್ದೇ ಕಾಡುಗಳ ಜತೆ ಹೋಲಿಸಿತು. ಹೆಚ್ಚಿನವುಗಳಲ್ಲಿ ಕಡಿತ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ, ಇನ್ನು ಕೆಲವು ಕಡೆ ಕಡಿಮೆಯಾಗಿದ್ದರೂ ಹೇಳಿದ್ದಕ್ಕಿಂತ ಬಹಳ ಕಮ್ಮಿ. ಉಬ್ಬಿದ ಊಹೆಯನ್ನು ಹಿಡಿದದ್ದೂ ಅದೇ ಉಪಗ್ರಹದ ಡೇಟಾ ಎಂಬುದನ್ನು ಗಮನಿಸಿ. ಇದೇ ಕಾರಣಕ್ಕೆ ಡೇಟಾ ಎಲ್ಲರ ಕೈಯಲ್ಲಿರಬೇಕು ಅನ್ನುವುದು. ಯೋಜನೆ ನಡೆಸುವವರ ಕೈಯಲ್ಲಿ ಮಾತ್ರ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕಡಿಯುವವರೂ ಸುಮ್ಮನೆ ಕೂತಿಲ್ಲ. ಮೊದಲ ಡೆಟೆರ್‌ಗೆ 25 ಹೆಕ್ಟೇರಿಗಿಂತ ಚಿಕ್ಕ ಕಡಿತ ಕಾಣುತ್ತಿರಲಿಲ್ಲ, ಅದರ ಒಂದು ಪಿಕ್ಸೆಲ್ಲೇ ಆರು ಹೆಕ್ಟೇರಿಗಿಂತ ದೊಡ್ಡದು. ಕೆಲವೇ ವರ್ಷದಲ್ಲಿ ಬ್ರೆಜಿಲ್‌ನ ಕಡಿತದಲ್ಲಿ ಸಣ್ಣ ತುಂಡುಗಳ ಪಾಲು ಏರಿತು. ಇನ್ಪೆ ಆಮೇಲೆ ಇನ್ನೂ ಸ್ಪಷ್ಟವಾದ ಚಿತ್ರಗಳಿಗೆ ಬದಲಾಯಿಸಿಕೊಂಡಿತು. ಇದಕ್ಕಿಂತ ಕಷ್ಟದ್ದು ಒಳಗೊಳಗೇ ನಡೆಯುವ ಸವಕಳಿ. ಮೇಲಿನ ಹಸಿರು ಹಾಗೇ ಇರುತ್ತದೆ, ಒಳಗೆ ಬೆಲೆಬಾಳುವ ಮರ ಒಂದೊಂದೇ ಹೋಗುತ್ತದೆ, ನೆಲದಲ್ಲಿ ಬೆಂಕಿ ಹರಿದುಹೋಗುತ್ತದೆ, ಅಂಚು ಒಣಗುತ್ತದೆ. 2021ರ ಒಂದು ಅಧ್ಯಯನದ ಪ್ರಕಾರ 2010ರಿಂದ 2019ರವರೆಗೆ ಬ್ರೆಜಿಲ್‌ನ ಅಮೆಜಾನ್ ಕಳೆದುಕೊಂಡ ನೆಲದ ಮೇಲಿನ ಮರಗಿಡಗಳ ತೂಕದಲ್ಲಿ 73% ಇಂಥ ಸವಕಳಿಯಿಂದ ಹೋದದ್ದು, ಪೂರ್ತಿ ಕಡಿತದಿಂದ ಹೋದದ್ದು 27% ಮಾತ್ರ. ಆದರೂ ಪತ್ರಿಕೆಗಳ ತಲೆಬರಹ, ಸರಕಾರಗಳ ಗುರಿ, ದಂಡ ಎಲ್ಲವೂ ಪೂರ್ತಿ ಕಡಿತದ ಸುತ್ತಲೇ ಇವೆ. ಉದ್ದ ಅಲೆಯ ರೇಡಾರ್‌ಗಳ ಮೇಲೆ ನಾನು ಇಷ್ಟು ಆಸೆ ಇಟ್ಟುಕೊಂಡಿರುವುದು ಇದಕ್ಕೇ.

ಬೆಂಕಿಯ ವಿಷಯ ಬೇರೆಯೇ ಭಯ ಹುಟ್ಟಿಸುತ್ತದೆ. 2023ರಲ್ಲಿ ಉಷ್ಣವಲಯದಲ್ಲಿ ಹೋದ ಹಳೆಯ, ಕೈಮುಟ್ಟದ ಕಾಡು 37 ಲಕ್ಷ ಹೆಕ್ಟೇರ್. 2024ರಲ್ಲಿ 67 ಲಕ್ಷ. ಹೆಚ್ಚುಕಡಿಮೆ ಅರ್ಧ ಬೆಂಕಿಗೆ ಹೋದದ್ದು. ಈ ತೇವದ ಕಾಡುಗಳು ತಾವಾಗಿ ಉರಿಯುವಂಥವಲ್ಲ. ಹುಲ್ಲುಗಾವಲು ಸುಡಲು ಹಚ್ಚಿದ ಬೆಂಕಿ ಬರಗಾಲದಲ್ಲಿ ಒಣಗಿದ ಕಾಡಿಗೆ ನುಗ್ಗುತ್ತದೆ. ಉಪಗ್ರಹದಲ್ಲಿರುವ ವೀರ್ಸ್ ಎಂಬ ಉಪಕರಣ 375 ಮೀಟರ್ ಚೌಕದಲ್ಲಿ ಬಿಸಿ ಬಿಂದುವನ್ನು ಕೆಲವೇ ಗಂಟೆಗಳಲ್ಲಿ ತೋರಿಸುತ್ತದೆ. ಹತ್ತಿರದಲ್ಲಿ ನೀರು, ಜನ, ದಾರಿ ಇಲ್ಲದಿದ್ದರೆ ಆ ಗಂಟೆಗಳಿಂದ ಏನೂ ಆಗುವುದಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ 140ಕ್ಕೂ ಹೆಚ್ಚು ದೇಶಗಳು 2030ರೊಳಗೆ ಕಾಡಿನ ನಾಶ ನಿಲ್ಲಿಸುತ್ತೇವೆ ಎಂದಿದ್ದವು. 2024ರ ಅಂಕಿ ಬಂದದ್ದು ಆ ಮಾತಾದ ಮೂರು ವರ್ಷಕ್ಕೆ.

ಸರಪಳಿಯ ಉಳಿದ ಕೊಂಡಿಗಳಿಗೆ ವಾಪಸ್ ಬರುತ್ತೇನೆ. 2019ರಲ್ಲಿ ಬ್ರೆಜಿಲ್‌ನ ಅಧ್ಯಕ್ಷ ಬೊಲ್ಸೊನಾರೊ ಇನ್ಪೆಯ ಅಂಕಿಗಳನ್ನೇ ಸುಳ್ಳು ಅಂದರು, ಅಂಕಿಗಳ ಪರ ನಿಂತ ಅದರ ಮುಖ್ಯಸ್ಥ ರಿಕಾರ್ಡೊ ಗಲ್ವಾವೊ ಕೆಲಸ ಕಳೆದುಕೊಂಡರು. ಉಪಗ್ರಹ ಹಾಗೇ ಇತ್ತು, ಅಲರ್ಟ್ ಹಾಗೇ ಬರುತ್ತಿತ್ತು. ಸ್ಥಳಕ್ಕೆ ಹೋಗುವ ಅಧಿಕಾರಿಗಳ ಕೈಕಟ್ಟಿತ್ತು. 2021ರಲ್ಲಿ ಕಡಿತ 13,038 ಚದರ ಕಿಲೋಮೀಟರಿಗೆ ಏರಿತು. ಸರಕಾರ ಬದಲಾಗಿ ಅಧಿಕಾರಿಗಳು ಮತ್ತೆ ಕಾಡಿಗೆ ಇಳಿದ ಮೇಲೆ, 2024ರ ಮೊದಲ ಅಂದಾಜು 6,288. ಅದೇ ಆಕಾಶ, ಅದೇ ಕ್ಯಾಮೆರಾ.

ಅಲರ್ಟ್ ಬಂದರೆ ಸಾಕೇ ಎಂಬ ಪ್ರಶ್ನೆಯನ್ನು ಕೆಲವು ಸಂಶೋಧಕರು ಉಷ್ಣವಲಯದ 22 ದೇಶಗಳಲ್ಲಿ ಕೇಳಿದರು. ಇಮೇಲ್‌ನಲ್ಲಿ ಬರುವ ಉಚಿತ ಅಲರ್ಟ್‌ಗೆ ಯಾರಾದರೂ ಹೆಸರು ಕೊಟ್ಟು ಪಡೆಯುತ್ತಿದ್ದ ಜಾಗಗಳಲ್ಲಿ ಕಡಿತ ಕಡಿಮೆಯಾಯಿತೇ? ಆಫ್ರಿಕಾದಲ್ಲಿ ಕಡಿತದ ಸಂಭವ 18% ಇಳಿದಿತ್ತು. ದಕ್ಷಿಣ ಅಮೆರಿಕದಲ್ಲಿ, ಏಷ್ಯಾದಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇಮೇಲ್ ಒಂದೇ, ಫಲ ಬೇರೆ ಬೇರೆ.

ಕೊಳ್ಳುವವರ ಕಡೆಯಿಂದ ಒತ್ತಡ ತರುವ ದಾರಿಯೂ ತೆರೆದಿದೆ. ಯುರೋಪಿನ 2023ರ ಕಾನೂನು ಕಾಫಿ, ಕೋಕೋ, ರಬ್ಬರ್, ತಾಳೆಎಣ್ಣೆ, ಸೋಯಾ, ದನ, ಮರ ಇವು 2020ರ ಡಿಸೆಂಬರ್ 31ರ ನಂತರ ಕಡಿದ ಕಾಡಿನಿಂದ ಬಂದಿರಬಾರದು ಅನ್ನುತ್ತದೆ. ಪ್ರತಿ ಜಮೀನಿನ ನಕ್ಷಾಬಿಂದು ಕೊಡಬೇಕು. ಜಾರಿ ಮುಂದೂಡುತ್ತಲೇ ಬಂದಿದೆ. ನನಗೆ ಈ ಕಾನೂನಿನ ಆಶಯ ಇಷ್ಟ, ಆದರೆ ನೆರಳಿನ ಮರಗಳ ಕೆಳಗೆ ಕೋಕೋ, ಕಾಫಿ ಬೆಳೆಯುವ ಸಣ್ಣ ರೈತನ ತೋಟ ಉಪಗ್ರಹದ ನಕ್ಷೆಯಲ್ಲಿ ಎಷ್ಟೋ ಸಲ ಕಾಡು ಅಂತಲೇ ಕಾಣುತ್ತದೆ. ಅವನು ಒಂದು ಹಳೆಯ ನೆರಳಿನ ಮರ ತೆಗೆದರೆ ಯಂತ್ರ "ಕಾಡು ಕಡಿದ" ಅನ್ನಬಹುದು. ಅದನ್ನು ತಪ್ಪು ಅಂತ ಹೇಳಲು ಅವನಿಗೆ ಒಂದು ದಾರಿ ಇರಲೇಬೇಕು, ಅವನ ಭಾಷೆಯಲ್ಲಿ, ಅವನಿಗೆ ಖರ್ಚಿಲ್ಲದಂತೆ.

ಕೊನೆಯದಾಗಿ ಪೆರು ದೇಶದ ಲೊರೆಟೊ ಪ್ರಾಂತ್ಯದ ವಿಷಯ. ಅಲ್ಲಿ 76 ಮೂಲನಿವಾಸಿ ಸಮುದಾಯಗಳಲ್ಲಿ ಒಂದು ಪ್ರಯೋಗ ನಡೆಯಿತು. ಚೀಟಿ ಎತ್ತಿದ ಹಾಗೆ ಸುಮಾರು ಅರ್ಧದಷ್ಟು ಸಮುದಾಯಗಳನ್ನು ಆರಿಸಿ, ಪ್ರತಿ ಕಡೆ ಕೆಲವರಿಗೆ ಮೊಬೈಲ್, ತರಬೇತಿ, ಗಸ್ತು ತಿರುಗಿದ್ದಕ್ಕೆ ಕೂಲಿ ಕೊಟ್ಟರು. ಇಂಟರ್ನೆಟ್ ಇಲ್ಲದ ಊರುಗಳು. ತಿಂಗಳಿಗೊಮ್ಮೆ ಒಬ್ಬರು ನದಿಯಲ್ಲಿ ಹೋಗಿ ಉಪಗ್ರಹದ ಅಲರ್ಟ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತಲುಪಿಸುತ್ತಿದ್ದರು. ಜನ ಆ ಜಾಗಕ್ಕೆ ಹೋಗಿ ನೋಡಿ, ಫೋಟೋ ತೆಗೆದು, ಊರ ಸಭೆಯ ಮುಂದಿಡುತ್ತಿದ್ದರು. ದೂರು ಕೊಡಬೇಕೋ, ತಾವೇ ಹೋಗಿ ತಡೆಯಬೇಕೋ ಸಭೆ ತೀರ್ಮಾನಿಸುತ್ತಿತ್ತು. ಮೊದಲ ವರ್ಷ ಕಡಿತ 52% ಇಳಿಯಿತು, ಎರಡನೇ ವರ್ಷ ಇಳಿಕೆ 21%. ಹೆಚ್ಚು ಅಪಾಯದಲ್ಲಿದ್ದ ಕಾಡುಗಳಲ್ಲೇ ಫಲ ಜಾಸ್ತಿ.

ಬಳಸಿದ್ದು ಎಲ್ಲರಿಗೂ ಉಚಿತವಾಗಿ ಸಿಗುವ ಡೇಟಾ. ಖರ್ಚು ಆಗಿದ್ದು ಜನರ ಕೂಲಿಗೆ, ತರಬೇತಿಗೆ, ನದಿಯ ಪ್ರಯಾಣಕ್ಕೆ. ಹೊಸ ಉಪಗ್ರಹಕ್ಕೆ ಹಣ ಹೊಂದಿಸುವಾಗ ಅದರ ಜತೆಗೇ, ಅದೇ ಕಡತದಲ್ಲಿ, ಈ ಮೂರಕ್ಕೂ ಹತ್ತು ವರ್ಷದ ಹಣ ಬರೆದಿಡಬೇಕು ಎಂಬುದು ನನ್ನ ಒತ್ತಾಯ. ಅರಣ್ಯದ ಹವಾಮಾನ ನಿಧಿಗಳು ಯೋಜನೆಗೆ ಎರಡು ಮೂರು ವರ್ಷ ಕೊಟ್ಟು ಮುಗಿಸಿದರೆ, ಆ ಪೆನ್‌ಡ್ರೈವ್ ಹೊತ್ತ ದೋಣಿ ನಾಲ್ಕನೇ ವರ್ಷ ಊರಿಗೆ ಬರುವುದಿಲ್ಲ.